ನಗರಸಭೆಯ ಒಂದು ವರ್ಷ: ಬಜೆಟ್, ಕ್ರಿಯಾ ಯೋಜನೆ, ಕಾಮಗಾರಿ ಹಿಂಬಾಲಿಸುವ ಬಗೆ

ಚರಂಡಿ ಕಟ್ಟಿಸಿಕೊಡಿ, ಬೀದಿದೀಪ ಹಾಕಿಸಿ, ಹಳೇ ಪೈಪ್ ಬದಲಿಸಿ ಎಂಬ ಅರ್ಜಿಗಳು ನಗರಸಭೆಗೆ ರಾಶಿ ಬೀಳುವುದು ಮಳೆಗಾಲದಲ್ಲಿ. ಆ ಹೊತ್ತಿಗೆ ವರ್ಷದ ಬಜೆಟ್ ಪಾಸಾಗಿ, ಯಾವ ಬೀದಿಗೆ ಯಾವ ಕಾಮಗಾರಿ ಎಂಬ ಕ್ರಿಯಾ ಯೋಜನೆಯ ಪಟ್ಟಿ ಜಿಲ್ಲಾಧಿಕಾರಿ ಕಚೇರಿಯ ದಾರಿ ಹಿಡಿದಿರುತ್ತದೆ. ಅರ್ಜಿಗೆ ಸೀಲು ಬೀಳುತ್ತದೆ, ‘ಅನುದಾನದ ಲಭ್ಯತೆ ನೋಡಿಕೊಂಡು ಕ್ರಮ ವಹಿಸಲಾಗುವುದು’ ಎಂಬ ಹಿಂಬರಹ ಬರುತ್ತದೆ, ಕಡತ ಅಲ್ಲಿಗೆ ನಿಲ್ಲುತ್ತದೆ. ಅದೇ ಬೇಡಿಕೆ ಡಿಸೆಂಬರ್‌ನಲ್ಲಿ, ಅಳತೆ ಸಮೇತ, ಸರಿಯಾದ ಮೇಜಿಗೆ ಹೋಗಿದ್ದರೆ ಪಟ್ಟಿಗೆ ಸೇರುವ ಸಾಧ್ಯತೆ ಎಷ್ಟೋ ಹೆಚ್ಚಿತ್ತು. ನಗರಸಭೆಯ ಆದ್ಯತೆಗಳು ಭಾಷಣದಲ್ಲಿ ತೀರ್ಮಾನವಾಗುವುದಿಲ್ಲ. ನಾಲ್ಕೈದು ಕಾಗದಗಳಲ್ಲಿ, ವರ್ಷದ ನಿಗದಿತ ಹೊತ್ತಿನಲ್ಲಿ ತೀರ್ಮಾನವಾಗುತ್ತವೆ. ಆ ಕಾಗದಗಳನ್ನು ಓದಿ, ಆ ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸಿಕೊಳ್ಳುವ ಕ್ರಮ ಇಲ್ಲಿದೆ. ಕರ್ನಾಟಕದ ನಗರಸಭೆ, ಪುರಸಭೆ, ಪಟ್ಟಣ ಪಂಚಾಯತಿ ಮೂರಕ್ಕೂ ಇದು ಹೊಂದುತ್ತದೆ.

ಮೊದಲು ಗೊತ್ತು ಮಾಡಿಕೊಳ್ಳಬೇಕಾದ್ದು: ಯಾರ ಮೇಜು, ಯಾರ ರಸ್ತೆ

ಜನಸಂಖ್ಯೆ 10 ಸಾವಿರದಿಂದ 20 ಸಾವಿರದೊಳಗಿದ್ದರೆ ಪಟ್ಟಣ ಪಂಚಾಯತಿ, 20ರಿಂದ 50 ಸಾವಿರದೊಳಗೆ ಪುರಸಭೆ, 50 ಸಾವಿರದಿಂದ 3 ಲಕ್ಷದವರೆಗೆ ನಗರಸಭೆ. ಮೂರೂ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದಡಿ ನಡೆಯುತ್ತವೆ. ಮಹಾನಗರ ಪಾಲಿಕೆಗಳಿಗೆ 1976ರ ಬೇರೆ ಕಾಯ್ದೆ ಇದೆ. ಸಂವಿಧಾನದ ಪ್ರಕಾರ ವಾರ್ಡ್ ಸಮಿತಿ ಕಡ್ಡಾಯವಾಗುವುದು 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ. ಸಣ್ಣ ನಗರದಲ್ಲಿ ಆ ವೇದಿಕೆ ಸಿಗುವ ಖಾತ್ರಿ ಇಲ್ಲ. ಹಾಗಾಗಿ ವಾರ್ಡ್ ಸದಸ್ಯರು, ಸಾಮಾನ್ಯ ಸಭೆ ಮತ್ತು ಬಜೆಟ್ ಪೂರ್ವಭಾವಿ ಸಭೆ, ಈ ಮೂರೇ ನಿಮ್ಮ ಬಾಗಿಲುಗಳು.

ನಗರಸಭೆಯ ಆಡಳಿತದ ಮುಖ್ಯಸ್ಥರು ಪೌರಾಯುಕ್ತರು. ಪುರಸಭೆ ಮತ್ತು ಪಟ್ಟಣ ಪಂಚಾಯತಿಯಲ್ಲಿ ಮುಖ್ಯಾಧಿಕಾರಿ. ಅಧ್ಯಕ್ಷ, ಉಪಾಧ್ಯಕ್ಷರ ಅವಧಿ 30 ತಿಂಗಳು. ಶಾಸಕರು, ಸಂಸದರೂ ಸಭೆಯ ಸದಸ್ಯರೇ, ಅವರಿಗೆ ಮತ ಹಾಕುವ ಹಕ್ಕಿದೆ. ಸರ್ಕಾರ ನಾಮನಿರ್ದೇಶನ ಮಾಡಿದ ಸದಸ್ಯರು ಚರ್ಚೆಯಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ. ಅಧ್ಯಕ್ಷರ ಚುನಾವಣೆಯಲ್ಲಿ ಈ ಲೆಕ್ಕ ಎಷ್ಟು ಮುಖ್ಯವೋ, ಬಿಗಿ ಪೈಪೋಟಿಯ ನಿರ್ಣಯಗಳಲ್ಲೂ ಅಷ್ಟೇ ಮುಖ್ಯ.

ಕಚೇರಿಯೊಳಗೆ ವಿಭಾಗಗಳನ್ನು ಗುರುತಿಸಿಕೊಳ್ಳಿ. ಚರಂಡಿ, ರಸ್ತೆ, ನೀರಿಗೆ ಇಂಜಿನಿಯರಿಂಗ್ ವಿಭಾಗದ ಜೆಇ (ಕಿರಿಯ ಇಂಜಿನಿಯರ್) ಅಥವಾ ಎಇಇ (ಸಹಾಯಕ ಕಾರ್ಯಪಾಲಕ ಇಂಜಿನಿಯರ್). ಕಸ ಮತ್ತು ಸ್ವಚ್ಛತೆಗೆ ಹೆಲ್ತ್ ಇನ್‌ಸ್ಪೆಕ್ಟರ್ ಮತ್ತು ಪರಿಸರ ಇಂಜಿನಿಯರ್. ತೆರಿಗೆ, ಖಾತೆಗೆ ಕಂದಾಯ ಶಾಖೆ. ಬಿಲ್ಲು, ಬಜೆಟ್‌ಗೆ ಲೆಕ್ಕ ಶಾಖೆ. ಅರ್ಜಿ ಕೊಡುವುದು ಪೌರಾಯುಕ್ತರ ಹೆಸರಿಗಾದರೂ ಅದು ಯಾವ ಕೇಸ್ ವರ್ಕರ್ ಮೇಜಿಗೆ ಹೋಯಿತು ಎಂದು ಟಪಾಲು ಶಾಖೆಯಲ್ಲಿ ಕೇಳಿ, ಸ್ವೀಕೃತಿಯ ಸಂಖ್ಯೆ ಮತ್ತು ದಿನಾಂಕ ಬರೆದಿಟ್ಟುಕೊಳ್ಳಿ. ಸೀಲಿಲ್ಲದ ಅರ್ಜಿ ಕೊಟ್ಟಂತೆಯೇ ಅಲ್ಲ.

ಅರ್ಜಿ ಬರೆಯುವ ಮೊದಲೇ ಆ ರಸ್ತೆ ನಗರಸಭೆಯದ್ದೇ ಎಂದು ಖಚಿತಪಡಿಸಿಕೊಳ್ಳಿ. ಊರ ನಡುವೆ ಹಾಯುವ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದ್ದೋ ರಾಷ್ಟ್ರೀಯ ಹೆದ್ದಾರಿಯದ್ದೋ ಆಗಿದ್ದರೆ ನಗರಸಭೆ ಅಲ್ಲಿ ಡಾಂಬರು ಹಾಕುವುದಿಲ್ಲ. ಖಾಸಗಿ ಬಡಾವಣೆಗಳದ್ದು ಇನ್ನೊಂದು ಗೋಳು. ಬಡಾವಣೆ ನಗರಸಭೆಗೆ ಹಸ್ತಾಂತರವಾಗಿರದಿದ್ದರೆ ಅಲ್ಲಿನ ರಸ್ತೆ, ಪಾರ್ಕು, ದೀಪಕ್ಕೆ ನಗರಸಭೆ ಹಣ ಹಾಕಿದರೆ ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತದೆ. ಎಷ್ಟೋ ಬಡಾವಣೆಗಳ ನಿವಾಸಿಗಳು ಇದು ಗೊತ್ತಿಲ್ಲದೆ ವರ್ಷಗಟ್ಟಲೆ ತಪ್ಪು ಅರ್ಜಿ ಕೊಡುತ್ತಿರುತ್ತಾರೆ. ಅವರು ಮೊದಲು ಕೇಳಬೇಕಾದದ್ದು ಹಸ್ತಾಂತರ, ರಸ್ತೆ ಆಮೇಲೆ. ಬೀದಿದೀಪದಲ್ಲೂ ಹೀಗೆಯೇ: ಕಂಬ ಮತ್ತು ತಂತಿ ಎಸ್ಕಾಂನದ್ದು, ಎಂದರೆ ವಿದ್ಯುತ್ ಸರಬರಾಜು ಕಂಪನಿಯದ್ದು, ದೀಪ ನಗರಸಭೆಯದ್ದು. ದೂರಿನಲ್ಲಿ ಕಂಬದ ಸಂಖ್ಯೆ ಬರೆದರೆ ಲೈನ್‌ಮನ್ ನೇರ ಅಲ್ಲಿಗೇ ಬರುತ್ತಾನೆ.

ಕಾರ್ಯಸೂಚಿ ಓದುವುದು

ಸಾಮಾನ್ಯ ಸಭೆಗೆ ಮೊದಲು ಸದಸ್ಯರಿಗೆಲ್ಲ ಕಾರ್ಯಸೂಚಿ ಹೋಗುತ್ತದೆ. ನಿಮ್ಮ ವಾರ್ಡಿನ ಸದಸ್ಯರಿಂದ ಅದರ ಪ್ರತಿ ಪಡೆಯುವುದು ಅತ್ಯಂತ ಸುಲಭದ ದಾರಿ. ಅದರ ರೂಪ ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ: ಹಿಂದಿನ ಸಭೆಯ ನಡವಳಿ ದೃಢೀಕರಣ, ಜಮಾ-ಖರ್ಚಿಗೆ ಒಪ್ಪಿಗೆ, ಬಂದ ಸುತ್ತೋಲೆಗಳು, ಟೆಂಡರ್ ಅನುಮೋದನೆಗಳು, ಮಳಿಗೆ ಹರಾಜು, ಸಿಬ್ಬಂದಿ ವಿಷಯ, ಕೊನೆಗೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’.

ಎರಡು ಕಡೆ ಕಣ್ಣಿಡಿ. ಮೊದಲನೆಯದು ಜಮಾ-ಖರ್ಚು. ಇದನ್ನು ಎಷ್ಟೋ ಸಭೆಗಳಲ್ಲಿ ‘ಓದಿ ದಾಖಲಿಸಲಾಯಿತು’ ಎಂದು ದಾಟಿಸಿಬಿಡುತ್ತಾರೆ. ಆದರೆ ತಿಂಗಳಲ್ಲಿ ಯಾವ ಪೂರೈಕೆದಾರರಿಗೆ ಎಷ್ಟು ಹೋಯಿತು, ಪಂಪ್ ರಿಪೇರಿಗೆ ಎಷ್ಟು ಸಲ ಬಿಲ್ಲಾಯಿತು ಎಂಬುದೆಲ್ಲ ಇರುವುದು ಅಲ್ಲೇ. ಒಂದೇ ಕೊಳವೆಬಾವಿಯ ಮೋಟಾರು ವರ್ಷದಲ್ಲಿ ಮೂರು ಸಲ ರಿವೈಂಡಿಂಗ್‌ಗೆ ಹೋಗಿದ್ದರೆ ಒಂದೋ ವೋಲ್ಟೇಜ್ ಸಮಸ್ಯೆ, ಇಲ್ಲವೇ ನೀರಿಲ್ಲದೆ ಪಂಪು ಒಣಗಿ ಓಡುತ್ತಿದೆ, ಅದೂ ಅಲ್ಲವಾದರೆ ಬಿಲ್ಲಿನ ಸಮಸ್ಯೆ. ಮೂರರಲ್ಲಿ ಯಾವುದು ಎಂದು ಸದಸ್ಯರು ಕೇಳಲೇಬೇಕು.

ಎರಡನೆಯದು ‘ಘಟನೋತ್ತರ ಮಂಜೂರಾತಿ’ ಎಂಬ ಪದ. ‘ಕುಡಿಯುವ ನೀರಿನ ಪೈಪ್ ತುರ್ತು ದುರಸ್ತಿಗೆ ತಗುಲಿದ ವೆಚ್ಚಕ್ಕೆ ಘಟನೋತ್ತರ ಮಂಜೂರಾತಿ ಕೋರಿ’ ಎಂಬ ಮಾದರಿಯ ವಿಷಯ ಬಂದರೆ ಕೆಲಸ ಆಗಿಹೋಗಿದೆ, ಹಣ ಕೊಟ್ಟಿದೆ ಅಥವಾ ಕೊಡಬೇಕಿದೆ, ಒಪ್ಪಿಗೆ ಮಾತ್ರ ಈಗ ಕೇಳುತ್ತಿದ್ದಾರೆ ಎಂದರ್ಥ. ನಿಜವಾದ ತುರ್ತಿಗೆ ಈ ದಾರಿ ಬೇಕು. ಬೇಸಿಗೆಯಲ್ಲಿ ಮುಖ್ಯ ಪೈಪ್ ಒಡೆದಾಗ ಸಭೆ ಕರೆಯುತ್ತ ಕೂರಲಾಗುವುದಿಲ್ಲ. ಆದರೆ ಒಂದೇ ಬಗೆಯ ‘ತುರ್ತು’ ಸಭೆಯಿಂದ ಸಭೆಗೆ ಬರುತ್ತಿದ್ದರೆ ಅದು ವಾರ್ಷಿಕ ನಿರ್ವಹಣೆ ಟೆಂಡರ್ ಕರೆಯದೆ ತುಂಡು ತುಂಡಾಗಿ ಕೆಲಸ ಮಾಡಿಸುತ್ತಿರುವ ಲಕ್ಷಣ.

ಸಭೆ ಮುಗಿದ ಮೇಲೆ ನಡವಳಿಯ ಪ್ರತಿ ತೆಗೆದುಕೊಳ್ಳಿ. ಪತ್ರಿಕೆಯಲ್ಲಿ ಬಂದ ಗದ್ದಲದ ವರದಿಗಿಂತ ನಡವಳಿಯ ಒಂದು ಸಾಲಿಗೆ ತೂಕ ಹೆಚ್ಚು. ‘ಚರ್ಚಿಸಲಾಯಿತು’ ಎಂದಿದ್ದರೆ ಏನೂ ತೀರ್ಮಾನವಾಗಿಲ್ಲ. ‘ಮುಂದಿನ ಸಭೆಗೆ ಮಂಡಿಸಲು’ ಎಂದಿದ್ದರೆ ಮುಂದೂಡಿದ್ದಾರೆ. ‘ಅನುಮೋದಿಸಲಾಯಿತು’ ಎಂದಿದ್ದರೆ ಮಾತ್ರ ಇಂಜಿನಿಯರ್ ಮುಂದಿನ ಹೆಜ್ಜೆ ಇಡಬಲ್ಲರು. ನಿರ್ಣಯ ಕಾನೂನಿಗೆ ವಿರುದ್ಧವಾಗಿದ್ದರೆ ಅದರ ಜಾರಿಯನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗಿದೆ.

ಬಜೆಟ್: ಯಾವ ಕಾಲಂ ನಂಬಬೇಕು

ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರು. ಅದಕ್ಕೆ ಮುಂಚೆ ಬಜೆಟ್ ಪಾಸಾಗಬೇಕು. ಪೂರ್ವಭಾವಿ ಸಭೆಗಳು ಸಾಮಾನ್ಯವಾಗಿ ಡಿಸೆಂಬರ್, ಜನವರಿಯ ಸುಮಾರಿಗೆ ನಡೆಯುತ್ತವೆ. ಪ್ರಕಟಣೆ ನೋಟಿಸ್ ಬೋರ್ಡಿನಲ್ಲಿ, ಸ್ಥಳೀಯ ಪತ್ರಿಕೆಯಲ್ಲಿ ಬರುತ್ತದೆ. ಈ ಸಭೆಗೆ ಬರುವವರು ಕಡಿಮೆ. ಬಂದವರ ಮಾತು ನಡವಳಿಯಲ್ಲಿ ದಾಖಲಾಗುತ್ತದೆ, ಹಾಗಾಗಿ ಬಾಯಲ್ಲಿ ಹೇಳಿದ್ದನ್ನು ಲಿಖಿತವಾಗಿಯೂ ಕೊಟ್ಟು ಬನ್ನಿ.

ಬಜೆಟ್ ಪುಸ್ತಕದ ಮುಖಪುಟದಲ್ಲಿ ‘ಇಂತಿಷ್ಟು ಲಕ್ಷ ಉಳಿತಾಯ ಬಜೆಟ್’ ಎಂದಿರುತ್ತದೆ. ಪತ್ರಿಕೆಗಳ ತಲೆಬರಹವೂ ಅದೇ. ಆರಂಭಿಕ ಶಿಲ್ಕಿಗೆ, ಎಂದರೆ ಹಿಂದಿನ ವರ್ಷದಿಂದ ಉಳಿದು ಬಂದ ಹಣಕ್ಕೆ, ವರ್ಷದ ಜಮೆ ಕೂಡಿಸಿ ಖರ್ಚು ಕಳೆದರೆ ಉಳಿಯುವುದೇ ಅಖೈರು ಶಿಲ್ಕು. ಅದನ್ನು ಉಳಿತಾಯ ಎನ್ನುತ್ತಾರೆ ಅಷ್ಟೇ. ಆ ಶಿಲ್ಕಿನಲ್ಲಿ ದೊಡ್ಡ ಪಾಲು ಯಾವುದೋ ಯೋಜನೆಗೆ ಬಂದು ಖರ್ಚಾಗದೆ ಕೂತ ಅನುದಾನವಾಗಿರಬಹುದು, ಗುತ್ತಿಗೆದಾರರಿಗೆ ಕೊಡಬೇಕಾದ ಬಾಕಿ ಬಿಲ್ಲೂ ಆಗಿರಬಹುದು. ಹಾಗಾಗಿ ಮುಖಪುಟ ಬಿಟ್ಟು ಒಳಗಿನ ತಖ್ತೆಗೆ ಹೋಗಿ. ಪ್ರತಿ ಲೆಕ್ಕ ಶೀರ್ಷಿಕೆಯ ಮುಂದೆ ಹಿಂದಿನ ವರ್ಷದ ವಾಸ್ತವ, ಈ ವರ್ಷದ ಅಂದಾಜು, ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು ಎಂಬ ಕಾಲಂಗಳಿರುತ್ತವೆ. ನಗರಸಭೆಯ ನಿಜವಾದ ಆದ್ಯತೆ ಕಾಣುವುದು ‘ವಾಸ್ತವ’ ಎಂಬ ಕಾಲಂನಲ್ಲಿ. ಪಾರ್ಕುಗಳಿಗೆ ಮೂರು ವರ್ಷದಿಂದ 40 ಲಕ್ಷ ಅಂದಾಜಿಟ್ಟು ವಾಸ್ತವದಲ್ಲಿ 3 ಲಕ್ಷವನ್ನಷ್ಟೇ ಖರ್ಚು ಮಾಡಿದ್ದರೆ, ಪಾರ್ಕು ಆ ಊರಿನ ಆದ್ಯತೆಯಲ್ಲ. ಈ ವರ್ಷ ಅದೇ ಸಾಲಿನಲ್ಲಿ 50 ಲಕ್ಷ ಎಂದು ಬರೆದ ಮಾತ್ರಕ್ಕೆ ಆಗುವುದೂ ಇಲ್ಲ.

ಜಮೆಯ ಬದಿಯಲ್ಲಿ ಸ್ವಂತ ಸಂಪನ್ಮೂಲವನ್ನೂ ಅನುದಾನವನ್ನೂ ಬೇರ್ಪಡಿಸಿ. ಸ್ವಂತದ್ದೆಂದರೆ ಆಸ್ತಿ ತೆರಿಗೆ, ನೀರಿನ ಕಂದಾಯ, ಮಳಿಗೆ ಬಾಡಿಗೆ, ಉದ್ದಿಮೆ ಪರವಾನಗಿ, ಕಟ್ಟಡ ಪರವಾನಗಿ, ಜಾಹೀರಾತು. ಅನುದಾನವೆಂದರೆ ರಾಜ್ಯ ಹಣಕಾಸು ಆಯೋಗದ್ದು (ಎಸ್‌ಎಫ್‌ಸಿ), ಕೇಂದ್ರ ಹಣಕಾಸು ಆಯೋಗದ್ದು, ಜೊತೆಗೆ ನಗರೋತ್ಥಾನ, ಅಮೃತ್, ಸ್ವಚ್ಛ ಭಾರತದಂಥ ಯೋಜನೆಗಳದ್ದು. ಎಸ್‌ಎಫ್‌ಸಿ ಹಣದಲ್ಲಿ ವೇತನ, ವಿದ್ಯುತ್ ಎಂದು ಬೇರೆ ಬೇರೆ ತಲೆಗಳಿವೆ, ಅವನ್ನು ಬೇರೆಡೆ ತಿರುಗಿಸುವಂತಿಲ್ಲ. ಸಭೆ ತನ್ನ ವಿವೇಚನೆಯಿಂದ ಹಂಚಬಲ್ಲದ್ದು ಮುಕ್ತ ನಿಧಿ ಮತ್ತು ಸ್ವಂತ ಆದಾಯ ಮಾತ್ರ. 15ನೇ ಹಣಕಾಸು ಆಯೋಗದ 2021–26ರ ಅವಧಿಯಲ್ಲಿ ಇಂಥ ಊರುಗಳ ಅನುದಾನದ ಶೇ. 40 ಮುಕ್ತ, ಶೇ. 30 ಕುಡಿಯುವ ನೀರಿಗೆ, ಶೇ. 30 ನೈರ್ಮಲ್ಯ ಮತ್ತು ಘನತ್ಯಾಜ್ಯಕ್ಕೆ ಎಂದು ಕಟ್ಟಿತ್ತು. 16ನೇ ಆಯೋಗದ ಅವಧಿ 2026ರ ಏಪ್ರಿಲ್‌ನಿಂದ. ಆಯಾ ವರ್ಷದ ಪ್ರಮಾಣಕ್ಕೆ ಕ್ರಿಯಾ ಯೋಜನೆಯ ಜೊತೆ ಬರುವ ಸುತ್ತೋಲೆಯನ್ನೇ ನೋಡಿ.

ತೆರಿಗೆ ವಸೂಲಿಯ ಡಿಸಿಬಿ ತಖ್ತೆಯನ್ನು, ಎಂದರೆ ಬೇಡಿಕೆ, ವಸೂಲಿ, ಬಾಕಿಯ ಪಟ್ಟಿಯನ್ನು, ಕೇಳಿ ಪಡೆಯಿರಿ. ಇಲ್ಲಿ ಒಂದು ಲೆಕ್ಕ ಗಮನಿಸಬೇಕು. ಹಳೇ ಬಾಕಿ ಒಂದೂವರೆ ಕೋಟಿ, ಈ ವರ್ಷದ ಬೇಡಿಕೆ 3 ಕೋಟಿ, ವಸೂಲಾದದ್ದು 2 ಕೋಟಿ 70 ಲಕ್ಷ ಎಂದಿಟ್ಟುಕೊಳ್ಳಿ. ಚಾಲ್ತಿ ಬೇಡಿಕೆಗೆ ಮಾತ್ರ ಭಾಗಿಸಿದರೆ ‘ಶೇ. 90 ವಸೂಲಿ’. ಒಟ್ಟು ಬೇಡಿಕೆ ನಾಲ್ಕೂವರೆ ಕೋಟಿಗೆ ಭಾಗಿಸಿದರೆ ಶೇ. 60. ಸಭೆಯಲ್ಲಿ ಯಾವ ಅಂಕಿ ಹೇಳಿದರು ಎಂದು ನೋಡಿಕೊಳ್ಳಿ. ವಸೂಲಿ ಕುಸಿದರೆ ಕೈ ಕಚ್ಚುವುದು ಬರೀ ಸ್ವಂತ ಆದಾಯ ಮಾತ್ರ ಅಲ್ಲ. ಆನ್‌ಲೈನ್‌ನಲ್ಲಿ ಲೆಕ್ಕ ಪ್ರಕಟಿಸುವುದು, ಆಸ್ತಿ ತೆರಿಗೆ ವಸೂಲಿಯನ್ನು ರಾಜ್ಯದ ಆರ್ಥಿಕ ಬೆಳವಣಿಗೆಗೆ ತಕ್ಕಂತೆ ಏರಿಸುವುದು, ಇವೆರಡೂ 15ನೇ ಆಯೋಗದ ಅನುದಾನಕ್ಕೆ ಷರತ್ತಾಗಿದ್ದವು. ತೆರಿಗೆ ಏರಿಸುವುದಿಲ್ಲ ಎಂದು ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿದ ಸದಸ್ಯರು ಅನುದಾನಕ್ಕೆ ಬೀಳುವ ಹೊಡೆತವನ್ನೂ ಜನರ ಮುಂದಿಡಬೇಕು. ಆಸ್ತಿ ತೆರಿಗೆಯ ಜೊತೆ ಕಟ್ಟುವ ಗ್ರಂಥಾಲಯ ಉಪಕರ ಶೇ. 6, ಭಿಕ್ಷುಕರ ಉಪಕರ ಶೇ. 3 ನಗರಸಭೆಯ ಹಣವಲ್ಲ, ಆಯಾ ಇಲಾಖೆಗೆ ದಾಟಿಸಬೇಕಾದದ್ದು. ದಾಟಿಸದೆ ಬಳಸಿಕೊಂಡಿದ್ದರೆ ಅದೂ ಸಾಲದ ಹೊರೆಯೇ.

ಖರ್ಚಿನ ಬದಿಯಲ್ಲಿ ಮೂರು ಅಂಕಿಗಳನ್ನು ತಪ್ಪದೆ ಹುಡುಕಿ: ಪರಿಶಿಷ್ಟ ಜಾತಿ, ಪಂಗಡದವರ ಅಭಿವೃದ್ಧಿಗೆ ಶೇ. 24.10, ಇತರೆ ಬಡಜನರಿಗೆ ಶೇ. 7.25, ಅಂಗವಿಕಲರಿಗೆ ಶೇ. 5. ಇವು ಕಡ್ಡಾಯ. ಲೆಕ್ಕಕ್ಕೆ ತೆಗೆದುಕೊಂಡ ಮೊತ್ತ 4 ಕೋಟಿಯಾದರೆ ಕ್ರಮವಾಗಿ 96 ಲಕ್ಷ 40 ಸಾವಿರ, 29 ಲಕ್ಷ, 20 ಲಕ್ಷ ಇರಬೇಕು. ಕಾಗದದ ಮೇಲೆ ಇಡುವುದರಲ್ಲಿ ತಪ್ಪುವುದಿಲ್ಲ, ತಪ್ಪುವುದು ಖರ್ಚಿನಲ್ಲಿ. ಕಾಲೋನಿಯ ಹೆಸರಿನಲ್ಲಿ ಬರೆದ ರಸ್ತೆ ನಿಜಕ್ಕೂ ಕಾಲೋನಿಯೊಳಗಿದೆಯೇ, ಅದರ ಅಂಚಿನ ಮುಖ್ಯರಸ್ತೆಯೇ ಎಂದು ಸ್ಥಳದಲ್ಲೇ ನೋಡಬೇಕು. ಲ್ಯಾಪ್‌ಟಾಪ್, ಶುಲ್ಕ, ವೈದ್ಯಕೀಯ ನೆರವಿನಂಥ ವೈಯಕ್ತಿಕ ಸೌಲಭ್ಯಗಳಿಗೆ ಅರ್ಜಿ ಕರೆದ ಪ್ರಕಟಣೆಯ ದಿನಾಂಕ, ಕೊನೆಯ ದಿನಾಂಕ ಎರಡೂ ನೋಡಿ. ನಡುವೆ ವಾರವೂ ಇಲ್ಲದಿದ್ದರೆ ಜಾತಿ, ಆದಾಯ ಪ್ರಮಾಣಪತ್ರ ಹೊಂದಿಸುವಷ್ಟರಲ್ಲಿ ಅರ್ಹರಿಗೆ ಅವಕಾಶ ತಪ್ಪಿಹೋಗುತ್ತದೆ. ಅವಧಿ ವಿಸ್ತರಿಸಿ ಎಂದು ಕೂಡಲೇ ಬರೆದುಕೊಡಿ.

ಕ್ರಿಯಾ ಯೋಜನೆಗೆ ನಿಮ್ಮ ಬೇಡಿಕೆ ಸೇರಿಸುವುದು

ಬಜೆಟ್ ಹಣದ ಅಂದಾಜು. ಯಾವ ವಾರ್ಡಿನ ಯಾವ ಬೀದಿಗೆ ಯಾವ ಕಾಮಗಾರಿ ಎಂದು ಹೆಸರು ಹಿಡಿದು ಬರೆಯುವುದು ಕ್ರಿಯಾ ಯೋಜನೆಯಲ್ಲಿ. ಜೆಇ ಪಟ್ಟಿ ಮಾಡುತ್ತಾರೆ, ಸದಸ್ಯರು ತಂತಮ್ಮ ವಾರ್ಡಿನದ್ದು ಸೇರಿಸುತ್ತಾರೆ, ಸಭೆ ಒಪ್ಪುತ್ತದೆ, ಜಿಲ್ಲಾ ನಗರಾಭಿವೃದ್ಧಿ ಕೋಶದ ಮೂಲಕ ಜಿಲ್ಲಾಧಿಕಾರಿಯ ಅನುಮೋದನೆಗೆ ಹೋಗುತ್ತದೆ. ಅನುಮೋದನೆಯಾದ ಮೇಲೆ ಕಾಮಗಾರಿ ಬದಲಿಸಲು ಮತ್ತೆ ಅಷ್ಟೂ ದಾರಿ ಸವೆಸಬೇಕು. ಹಾಗಾಗಿ ನಿಮ್ಮ ಅರ್ಜಿ ಸಭೆಯ ಒಪ್ಪಿಗೆಗಿಂತ ಮುಂಚೆ ಜೆಇ ಕೈಯಲ್ಲಿರಬೇಕು.

‘ನಮ್ಮ ಬೀದಿಯಲ್ಲಿ ಚರಂಡಿ ಸರಿಯಿಲ್ಲ, ಸರಿಪಡಿಸಿ’ ಎಂಬ ಅರ್ಜಿಯಿಂದ ಜೆಇ ಅಂದಾಜು ಪಟ್ಟಿ ಮಾಡಲಾರರು. ಹೀಗೆ ಬರೆಯಿರಿ: ‘ವಾರ್ಡ್ 12, ಎರಡನೇ ಅಡ್ಡರಸ್ತೆ, ಅಂಗನವಾಡಿಯಿಂದ ಮುಖ್ಯ ಚರಂಡಿಯವರೆಗೆ, ಬಲಬದಿ, 85 ಮೀಟರ್ ಉದ್ದ. ಈಗಿರುವುದು ಕಲ್ಲು ಚರಂಡಿ, 20 ಮೀಟರ್ ಕುಸಿದಿದೆ. 31 ಮನೆಗಳ ನೀರು ಇದಕ್ಕೆ ಬೀಳುತ್ತದೆ. ಮುಖ್ಯ ಚರಂಡಿ ಇಲ್ಲಿಗಿಂತ ತಗ್ಗಿನಲ್ಲಿದೆ, ನೀರು ಹರಿಯಲು ಇಳಿಜಾರು ಸಿಗುತ್ತದೆ.’ ಜೊತೆಗೆ ನಾಲ್ಕು ಫೋಟೊ, ಕೈಯಲ್ಲಿ ಬಿಡಿಸಿದ ನಕ್ಷೆ, ನಿವಾಸಿಗಳ ಸಹಿ. ಕೊನೆಯ ವಾಕ್ಯ ಅತಿ ಮುಖ್ಯ. ಸಣ್ಣ ಊರುಗಳಲ್ಲಿ ಕಟ್ಟಿದ ಚರಂಡಿ ಕೆಡುವುದು ಸಿಮೆಂಟಿನ ದೋಷದಿಂದ ಅಷ್ಟಾಗಿ ಅಲ್ಲ, ನೀರು ಎಲ್ಲಿಗೆ ಹೋಗಬೇಕು ಎಂದು ಯೋಚಿಸದೆ ಕಟ್ಟುವುದರಿಂದ. ತುಂಡು ಚರಂಡಿ ಒಂದು ಮನೆಯ ಮುಂದಿನ ನೀರನ್ನು ಇನ್ನೊಂದು ಮನೆಯ ಮುಂದೆ ನಿಲ್ಲಿಸುತ್ತದೆ. ಕೆಳಗಿನಿಂದ ಮೇಲಕ್ಕೆ ಕಟ್ಟಿಕೊಂಡು ಬನ್ನಿ ಎಂದು ಒತ್ತಾಯಿಸಿ.

ಪ್ರತಿಯನ್ನು ವಾರ್ಡ್ ಸದಸ್ಯರಿಗೂ ಅಧ್ಯಕ್ಷರಿಗೂ ಕೊಡಿ. ಒಂದೇ ಅರ್ಜಿಯಲ್ಲಿ ಹತ್ತು ಬೇಡಿಕೆ ತುಂಬಬೇಡಿ; ಹತ್ತಕ್ಕೂ ಬೇರೆ ಬೇರೆ ಕಡತ, ಬೇರೆ ಬೇರೆ ಲೆಕ್ಕ ಶೀರ್ಷಿಕೆ. ನೀರಿನ ಪೈಪ್ ಕೇಳುತ್ತಿದ್ದರೆ ಅದು ನೀರಿಗೆ ಕಟ್ಟಿದ ಅನುದಾನದಲ್ಲಿ ಹೋಗಬಲ್ಲದು, ರಸ್ತೆ ಹೋಗಲಾರದು.

ಮತ್ತು ಕ್ರಮ ಹಿಂದುಮುಂದಾಗದಂತೆ ಎಚ್ಚರ ವಹಿಸಿ. ಮೊದಲು ಒಳಚರಂಡಿ, ಆಮೇಲೆ ನೀರಿನ ಪೈಪ್ ಮತ್ತು ಮನೆಗಳ ಸಂಪರ್ಕ, ಆಮೇಲೆ ಬದಿ ಚರಂಡಿ, ಕೊನೆಗೆ ರಸ್ತೆ. ಪ್ರತಿಯೊಂದಕ್ಕೂ ಬೇರೆ ಬೇರೆ ಅನುದಾನ ಬರುವುದರಿಂದ ಯಾವುದು ಮೊದಲು ಬಂತೋ ಅದನ್ನೇ ಮಾಡಿ ಮುಗಿಸುತ್ತಾರೆ. ಹೊಸ ಕಾಂಕ್ರೀಟ್ ರಸ್ತೆಯನ್ನು ಯುಜಿಡಿಗೆಂದು, ಎಂದರೆ ಒಳಚರಂಡಿಗೆಂದು, ಅಗೆಯುವುದು ಹೀಗೆಯೇ. ನಿಮ್ಮ ಬೀದಿಗೆ ರಸ್ತೆ ಮಂಜೂರಾಗಿದ್ದರೆ, ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಪಟ್ಟಿಯಲ್ಲಿ ಅದೇ ಬೀದಿ ಇದೆಯೇ ಎಂದು ಎಇಇ ಬಳಿ ಕೇಳಿ. ಇದ್ದರೆ ರಸ್ತೆಯನ್ನು ತಡೆಹಿಡಿಯಿರಿ ಎಂದು ನೀವೇ ಬರೆದುಕೊಡಿ. ಇದಕ್ಕೆ ಗಟ್ಟಿ ಮನಸ್ಸು ಬೇಕು, ಆದರೆ ಹತ್ತು ವರ್ಷ ಬಾಳಬೇಕಾದ ರಸ್ತೆ ಆರು ತಿಂಗಳಿಗೆ ಹಾಳಾಗುವುದು ಇದರಿಂದಲೇ ತಪ್ಪುತ್ತದೆ.

ಕಾಮಗಾರಿ ಶುರುವಾದ ಮೇಲೆ

ಕಾಮಗಾರಿಯ ಕಡತ ಸಾಗುವ ಕ್ರಮ ಹೀಗೆ: ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ಟೆಂಡರ್ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಕೆಪಿಪಿಪಿ ಎಂಬ ರಾಜ್ಯದ ಸಾರ್ವಜನಿಕ ಖರೀದಿ ಪೋರ್ಟಲ್‌ನಲ್ಲಿ ಬರುತ್ತದೆ, ಅಲ್ಲಿ ಯಾರು ಬೇಕಾದರೂ ನೋಡಬಹುದು. ನಿಮಗೆ ಬೇಕಾದ ಕಾಗದ ಎರಡೇ: ಅಂದಾಜು ಪಟ್ಟಿ ಮತ್ತು ಕಾರ್ಯಾದೇಶ. ಇವೆರಡು ಕೈಯಲ್ಲಿದ್ದರೆ ಟೇಪು ಹಿಡಿದು ಪರಿಶೀಲಿಸಬಹುದು.

ಕಾಂಕ್ರೀಟ್ ರಸ್ತೆಯ ಉದಾಹರಣೆ ನೋಡೋಣ. ಅಂದಾಜಿನಲ್ಲಿ ಉದ್ದ 100 ಮೀಟರ್, ಅಗಲ 3.75 ಮೀಟರ್, ದಪ್ಪ 0.15 ಮೀಟರ್ ಎಂದಿದ್ದರೆ ಕಾಂಕ್ರೀಟ್ 56.25 ಘನ ಮೀಟರ್ ಆಗಬೇಕು. ಉದ್ದ, ಅಗಲ ಕಣ್ಣಿಗೆ ಕಾಣುತ್ತವೆ, ಅಲ್ಲಿ ಮೋಸ ಕಡಿಮೆ. ಕಡಿಮೆಯಾಗುವುದು ದಪ್ಪ. ದಪ್ಪ 15 ಸೆಂಟಿಮೀಟರ್ ಬದಲು 12 ಆದರೆ ಐದನೇ ಒಂದು ಭಾಗ ಕಾಂಕ್ರೀಟ್ ಹೋಯಿತು. ರಸ್ತೆಯ ಅಂಚಿನಲ್ಲಿ ಮಾತ್ರ ಹಲಗೆಯ ಎತ್ತರಕ್ಕೆ ತುಂಬಿ ನಡುವೆ ಕೆಳಗಿನ ಜಲ್ಲಿ ಪದರವನ್ನು ಉಬ್ಬಿಸಿರುತ್ತಾರೆ, ಹಾಗಾಗಿ ಅಂಚು ಅಳೆದರೆ ಗೊತ್ತಾಗುವುದಿಲ್ಲ. ಕಾಂಕ್ರೀಟ್ ಸುರಿಯುವ ಮುನ್ನ ಎರಡೂ ಬದಿಯ ಹಲಗೆಗಳ ಮೇಲೆ ಅಡ್ಡಲಾಗಿ ದಾರ ಬಿಗಿದು, ನಡುವಿನಲ್ಲಿ ದಾರದಿಂದ ನೆಲಕ್ಕೆ ಅಳೆಯಿರಿ. ನಡುವೆ ಇಳಿಜಾರಿಗೆಂದು ಸ್ವಲ್ಪ ಏರು ಕೊಡುವುದು ಸರಿಯೇ, ಆಗ ಮೇಲ್ಮೈಯೂ ಅಷ್ಟೇ ಏರಬೇಕು.

ಸುರಿದ ಮೇಲೆ ಕ್ಯೂರಿಂಗ್. ಗೋಣಿತಾಟು ಹೊದಿಸಿ ಅಥವಾ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿ 14 ದಿನ ತೇವ ಇಡಬೇಕು. ಬೇಸಿಗೆಯಲ್ಲಿ ಎರಡೇ ದಿನಕ್ಕೆ ನಿಲ್ಲಿಸಿದ ರಸ್ತೆಯ ಮೇಲ್ಮೈ ಮೊದಲ ವರ್ಷದಲ್ಲೇ ಪುಡಿ ಏಳುತ್ತದೆ. ನಾಲ್ಕರಿಂದ ನಾಲ್ಕೂವರೆ ಮೀಟರಿಗೊಂದು ಅಡ್ಡ ಜಾಯಿಂಟ್ ಕತ್ತರಿಸಬೇಕು. ಕಾಂಕ್ರೀಟ್ ಗಟ್ಟಿಯಾಗುತ್ತಿರುವಾಗ ಕುಗ್ಗುತ್ತದೆ, ಸಕಾಲಕ್ಕೆ ಕತ್ತರಿಸದಿದ್ದರೆ ತನಗೆ ಬೇಕಾದ ಕಡೆ ಸೊಟ್ಟಂಬಟ್ಟ ಬಿರುಕು ಬಿಡುತ್ತದೆ. ಮ್ಯಾನ್‌ಹೋಲ್ ಮುಚ್ಚಳ ರಸ್ತೆಯ ಮಟ್ಟಕ್ಕೆ ಎದ್ದಿದೆಯೇ, ಮನೆಗಳ ಹೊಸ್ತಿಲಿಗಿಂತ ರಸ್ತೆ ಎತ್ತರವಾಯಿತೇ ಎಂದೂ ನೋಡಿ. ಹಳೇ ರಸ್ತೆ ಅಗೆದು ತೆಗೆಯದೆ ಅದರ ಮೇಲೇ ಸುರಿದರೆ ಮಳೆನೀರು ಮನೆಯೊಳಕ್ಕೆ ಬರುತ್ತದೆ, ಅಗೆತದ ಬಿಲ್ಲು ಮಾತ್ರ ಆಗಿರುತ್ತದೆ.

ಬಿಲ್ಲಿಗೆ ಆಧಾರ ಎಂಬಿ, ಅಂದರೆ ಅಳತೆ ಪುಸ್ತಕ. ಜೆಇ ಸ್ಥಳದಲ್ಲಿ ಅಳೆದು ಬರೆದದ್ದು, ಮೇಲಿನ ಇಂಜಿನಿಯರ್ ಪರಿಶೀಲಿಸಿ ಸಹಿ ಮಾಡಿದ್ದು. ನಿಮ್ಮ ಆಕ್ಷೇಪಣೆ ಇದ್ದರೆ ಅಂತಿಮ ಬಿಲ್ಲು ಪಾಸಾಗುವ ಮೊದಲು ಅಳತೆ ಮತ್ತು ಫೋಟೊ ಸಮೇತ ಲಿಖಿತವಾಗಿ ಕೊಡಿ; ಮೂರನೇ ವ್ಯಕ್ತಿ ತಪಾಸಣೆ ವರದಿಯ ಪ್ರತಿ ಕೇಳಿ. ಬಿಲ್ಲಾದ ಮೇಲೂ ದಾರಿ ಮುಚ್ಚುವುದಿಲ್ಲ: ಟೆಂಡರ್ ದಾಖಲೆಯಲ್ಲಿ ದೋಷ ಹೊಣೆಗಾರಿಕೆ ಅವಧಿ ಎಷ್ಟು ಎಂದು ಬರೆದಿರುತ್ತದೆ. ಆ ಅವಧಿಯಲ್ಲಿ ಕೆಟ್ಟರೆ ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು, ಅವನ ಭದ್ರತಾ ಠೇವಣಿ ನಗರಸಭೆಯ ಬಳಿಯೇ ಇರುತ್ತದೆ. ಠೇವಣಿ ವಾಪಸಾಗುವ ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಮಾರ್ಚ್ ಕೊನೆಯಲ್ಲಿ ಬಿಲ್ಲುಗಳ ನೂಕುನುಗ್ಗಲು ಇರುತ್ತದೆ, ಅಳತೆಯಲ್ಲಿ ಅವಸರವಾಗುವುದೂ ಆಗಲೇ. ಫೆಬ್ರವರಿಯಲ್ಲೇ ಸ್ಥಳ ನೋಡಿ ಮುಗಿಸಿ.

ನೀರು ಮತ್ತು ಕಸ

ನಗರಸಭೆಯ ದಿನನಿತ್ಯದ ಕೆಲಸದಲ್ಲಿ ಇವೆರಡೇ ದೊಡ್ಡವು. ಒಳಚರಂಡಿ ಇರುವ ಊರಿಗೆ ತಲಾ ದಿನಕ್ಕೆ 135 ಲೀಟರ್ ನೀರು ಎಂಬುದು ವಿನ್ಯಾಸದ ಮಾನದಂಡ. 80 ಸಾವಿರ ಜನರ ಊರಿಗೆ ಅದು ದಿನಕ್ಕೆ 1 ಕೋಟಿ 8 ಲಕ್ಷ ಲೀಟರ್, ಅಂದರೆ 10.8 ಎಂಎಲ್‌ಡಿ (ದಿನಕ್ಕೆ ದಶಲಕ್ಷ ಲೀಟರ್). ಜಾಕ್‌ವೆಲ್‌ನಿಂದ (ನೀರಿನ ಮೂಲದಿಂದ ಪಂಪ್ ಮಾಡುವ ಬಾವಿಯಿಂದ) ಎತ್ತಿದ್ದೆಷ್ಟು, ಶುದ್ಧೀಕರಣ ಘಟಕ ದಾಟಿದ್ದೆಷ್ಟು, ಟ್ಯಾಂಕುಗಳಿಗೆ ಏರಿದ್ದೆಷ್ಟು ಎಂದು ಮೂರು ಅಂಕಿ ಕೇಳಿ. ಘಟಕದಿಂದ ಸಾಕಷ್ಟು ಹೊರಟೂ ಬಡಾವಣೆಗೆ ಐದು ದಿನಕ್ಕೊಮ್ಮೆ ಬರುತ್ತಿದ್ದರೆ ಹೊಸ ಕೊಳವೆಬಾವಿ ಕೊರೆಸುವುದರಲ್ಲಿ ಅರ್ಥವಿಲ್ಲ, ಸೋರಿಕೆ ಹುಡುಕಬೇಕು.

ಬಿಟ್ಟು ಬಿಟ್ಟು ನೀರು ಕೊಡುವ ಊರಿನಲ್ಲಿ ಪೈಪು ಖಾಲಿಯಾದಾಗ ಒಳಗೆ ಎಳೆತ ಉಂಟಾಗಿ, ಸೋರುವ ಜಾಯಿಂಟಿನಿಂದ ಚರಂಡಿ ನೀರು ಒಳಸೇರುತ್ತದೆ. ಚರಂಡಿಯೊಳಗೇ ಹಾದ ಮನೆ ಸಂಪರ್ಕದ ಪೈಪುಗಳೇ ಇದಕ್ಕೆ ಹೆಚ್ಚಿನ ಕಡೆ ಕಾರಣ. ವಾಂತಿಭೇದಿ ಪ್ರಕರಣ ಒಂದೇ ಬೀದಿಯಲ್ಲಿ ಎರಡು ಮೂರು ಬಂದ ಕೂಡಲೇ ನೀರು ನಿಲ್ಲಿಸಿ, ಟ್ಯಾಂಕರ್ ಕೊಟ್ಟು, ಪೈಪ್ ಹುಡುಕಬೇಕು, ವರದಿಗೆ ಕಾಯುವಂತಿಲ್ಲ. ಕೊನೆಯ ಮನೆಯ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ವಾಲ್ವ್‌ಮನ್ ಬಳಿ ಇರುವ ಸಣ್ಣ ಕ್ಲೋರೊಸ್ಕೋಪ್‌ನಿಂದ ಇದನ್ನು ನಿಮ್ಮೆದುರೇ ನೋಡಿಸಬಹುದು. ಟ್ಯಾಂಕಿನ ಬುಡದಲ್ಲಿ ತೆಗೆದ ಮಾದರಿ ಇದಕ್ಕೆ ಸಾಕ್ಷಿಯಲ್ಲ, ಕೊನೆಯ ಮನೆಯದ್ದೇ ಬೇಕು.

ಕಸದ ವಿಷಯಕ್ಕೆ ಬಂದರೆ, 700 ಜನಕ್ಕೆ ಒಬ್ಬ ಪೌರಕಾರ್ಮಿಕ ಎಂಬುದು ರಾಜ್ಯದ ಮಾನದಂಡ. 80 ಸಾವಿರ ಜನರ ಊರಿಗೆ ಸುಮಾರು 114 ಮಂದಿ ಬೇಕು. ಬೀದಿ ಗುಡಿಸಿಲ್ಲ ಎಂದು ಕಾರ್ಮಿಕರ ಮೇಲೆ ರೇಗುವ ಮುನ್ನ ಎಷ್ಟು ಹುದ್ದೆ ಮಂಜೂರಾಗಿವೆ, ಎಷ್ಟು ಭರ್ತಿಯಾಗಿವೆ, ಎಷ್ಟು ಮಂದಿಯನ್ನು ಕಚೇರಿ ಕೆಲಸಕ್ಕೆ ಹಾಕಿಕೊಂಡಿದ್ದಾರೆ ಎಂದು ಕೇಳಿ. ಕೈಗವಸು, ಬೂಟು, ಬೆಳಗಿನ ಉಪಾಹಾರ, ಆರೋಗ್ಯ ತಪಾಸಣೆ ಇವು ದಯೆಯಿಂದ ಕೊಡುವ ಸೌಲಭ್ಯಗಳಲ್ಲ, ಸಲ್ಲಬೇಕಾದವು. ಮ್ಯಾನ್‌ಹೋಲಿಗೆ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದು ಮಲ ಬಾಚುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಖಾಸಗಿ ಮನೆಯವರು ಇಳಿಸಿದರೂ ಅಪರಾಧವೇ. ಕಟ್ಟಿಕೊಂಡ ಯುಜಿಡಿಗೆ ಸಕ್ಕಿಂಗ್, ಜೆಟ್ಟಿಂಗ್ ಯಂತ್ರವನ್ನೇ ಕರೆಸಿ.

ಹಸಿ, ಒಣ, ಅಪಾಯಕಾರಿ ಕಸ ಮನೆಯಲ್ಲಿ ಬೇರ್ಪಟ್ಟರೂ ಗಾಡಿಯಲ್ಲಿ ಒಂದಾದರೆ ಎಲ್ಲ ವ್ಯರ್ಥ. ಟಿಪ್ಪರಿನ ಹಿಂದೆ ಘಟಕದವರೆಗೆ ಹೋಗಿ ನೋಡಿದರೆ ಬೇರ್ಪಡಿಕೆ ಎಲ್ಲಿ ಮುರಿಯುತ್ತಿದೆ ಎಂದು ತಿಳಿಯುತ್ತದೆ. ಮಳೆಗಾಲಕ್ಕೆ ಮುಂಚಿನ ಹೂಳೆತ್ತುವಿಕೆ ಏಪ್ರಿಲ್, ಮೇ ತಿಂಗಳಿನ ಕೆಲಸ. ಎತ್ತಿದ ಹೂಳನ್ನು ಚರಂಡಿಯ ದಡದಲ್ಲೇ ಬಿಟ್ಟರೆ ಮೊದಲ ಮಳೆಗೇ ಮರಳಿ ಒಳಗೆ ಸೇರುತ್ತದೆ. ಸಾಗಣೆಯೂ ಅಂದಾಜಿನಲ್ಲಿ ಇದೆಯೇ ನೋಡಿ.

ಖಾತೆ, ಪ್ರಮಾಣಪತ್ರ, ಮಾಹಿತಿ

ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ಶೇ. 5 ರಿಯಾಯಿತಿ. ರಸೀದಿ ಬಂದ ಮೇಲೆ ಆಸ್ತಿ ಸಂಖ್ಯೆ, ಅಳತೆ, ಹೆಸರು ಮೂರನ್ನೂ ಹೋಲಿಸಿ. ಇ-ಖಾತೆಗೆ ಅರ್ಜಿ ಹಾಕುವಾಗ ತಡವಾಗುವುದು ಹೆಚ್ಚಾಗಿ ಕ್ರಯಪತ್ರದ ಚೆಕ್ಕುಬಂದಿಗೂ ನಗರಸಭೆ ವಹಿಯಲ್ಲಿರುವುದಕ್ಕೂ ಹೊಂದಾಣಿಕೆ ಆಗದಿದ್ದಾಗ. ಮಾರಾಟದ ಹೊತ್ತಿಗೆ ಓಡಾಡುವ ಬದಲು ಮೊದಲೇ ತಿದ್ದಿಸಿಕೊಳ್ಳಿ.

ಜನನ, ಮರಣ 21 ದಿನದೊಳಗೆ ನೋಂದಾಯಿಸಿ. 30 ದಿನದವರೆಗೆ ತಡ ಶುಲ್ಕದೊಂದಿಗೆ ಆಗುತ್ತದೆ, ಆಮೇಲೆ ಅಧಿಕಾರಿಯ ಅನುಮತಿ, ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಸೇವೆಗೆ ಕಾಲಮಿತಿ ಹಾಕುವ ‘ಸಕಾಲ’ ಕಾಯ್ದೆಯಲ್ಲಿ ಪಟ್ಟಿಯಾದ ಸೇವೆಗೆ ಜಿಎಸ್‌ಸಿ ಸಂಖ್ಯೆ (ಅರ್ಜಿಯ ಗುರುತಿನ ಸಂಖ್ಯೆ) ಇರುವ ಸ್ವೀಕೃತಿ ಪಡೆಯದೆ ಬರಬೇಡಿ. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಹಕ್ಕಿದೆ. ಮೊತ್ತ ಸಣ್ಣದು, ಆದರೆ ವಿಳಂಬ ದಾಖಲೆಗೆ ಬೀಳುವುದು ಆ ಸಂಖ್ಯೆಯಿಂದಲೇ.

ಮೇಲೆ ಹೇಳಿದ ಯಾವ ಕಾಗದವೂ ಸುಮ್ಮನೆ ಕೇಳಿದಾಗ ಸಿಗದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದ ಮೀರದಂತಿರಬೇಕು. ಎಷ್ಟೋ ಅರ್ಜಿಗಳು ತಿರಸ್ಕೃತವಾಗುವುದು ಇದಕ್ಕೇ. ‘ಏಕೆ ಮಾಡಿಲ್ಲ’ ಎಂದು ಕೇಳಬೇಡಿ, ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. ‘ಇಂಥ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಎಂಬಿ ಪುಟಗಳ ದೃಢೀಕೃತ ಪ್ರತಿ’ ಎಂದು ಕೇಳಿ. ಉತ್ತರ ಬರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗ.

ಚುನಾಯಿತ ಮಂಡಳಿ ಇಲ್ಲದಾಗ

ಅವಧಿ ಮುಗಿದು ಚುನಾವಣೆ ತಡವಾದರೆ, ಅಥವಾ ಮೀಸಲಾತಿ ವ್ಯಾಜ್ಯದಿಂದ ಅಧ್ಯಕ್ಷರ ಆಯ್ಕೆ ನಿಂತರೆ, ಸಭೆಯ ಅಧಿಕಾರವನ್ನು ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಚಲಾಯಿಸುತ್ತಾರೆ. ಆಗ ಸಭೆಯಲ್ಲಿ ಪ್ರಶ್ನೆ ಕೇಳುವವರು ಇರುವುದಿಲ್ಲ, ಕಡತಗಳು ಬೇಗ ಸಾಗುತ್ತವೆ, ವಾರ್ಡಿನ ಸಣ್ಣ ಕೆಲಸಗಳು ಕಣ್ಣಿಗೆ ಬೀಳದೆ ಉಳಿಯುತ್ತವೆ. ಆ ಅವಧಿಯಲ್ಲಿ ಅರ್ಜಿಯನ್ನು ಪೌರಾಯುಕ್ತರ ಜೊತೆ ಆಡಳಿತಾಧಿಕಾರಿಗೂ ಕೊಡಿ, ಬಜೆಟ್ ಪೂರ್ವಭಾವಿ ಸಭೆಗೆ ಇನ್ನೂ ಹೆಚ್ಚು ಮಂದಿ ಹೋಗಿ, ಆಡಳಿತಾಧಿಕಾರಿಯ ಆದೇಶಗಳ ಪ್ರತಿಯನ್ನು ತಿಂಗಳಿಗೊಮ್ಮೆ ಕೇಳಿ ಪಡೆಯಿರಿ. ಹೊಸ ಮಂಡಳಿ ಬಂದಾಗ ಆ ಅವಧಿಯ ಕಾಮಗಾರಿಗಳ ಪಟ್ಟಿ, ಬಾಕಿ ಬಿಲ್ಲು ಮತ್ತು ಖರ್ಚಾಗದ ಅನುದಾನದ ವಿವರವನ್ನು ಮೊದಲ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸುವಂತೆ ನಿಮ್ಮ ಸದಸ್ಯರಿಗೆ ಲಿಖಿತವಾಗಿ ಕೊಡಿ.